ಬ್ರೇಕಿಲ್ಲದ ಸೈಕಲ್ಲಿನ ಹುಡುಗಿ, ಕೊಡಗಿನ ಇಳಿಜಾರು

ಮೊದಲ ದಿನ: ಕುಶಾಲನಗರದಿಂದ ಮಡಿಕೇರಿ

ಹಿಂದಿನ ದಿನ ಮಧ್ಯಾಹ್ನ ವಿಜಯಪುರ ಬಿಟ್ಟ ಗಾಡಿ ಬೆಳಗಿನ ಜಾವ ಕುಶಾಲನಗರ ಮುಟ್ಟಿತು. ಒಳಗೆ ಕೋಚ್, ಡ್ರೈವರ್ ಕಂ ಮೆಕ್ಯಾನಿಕ್, ಎರಡು ಸೈಕಲ್, ಸೈಕಲ್ಲನ್ನು ಮೇಲಿಟ್ಟು ಇದ್ದಲ್ಲೇ ತುಳಿಯುವ ಉರುಳೆಗಳ ಒಂದು ಜೊತೆ ರೋಲರ್, ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಮಲಗಿದ್ದ 19ರ ಹುಡುಗಿ. ಟ್ರ್ಯಾಕ್ ಸೈಕ್ಲಿಂಗಿನವಳು, ಜೂನಿಯರ್ ಮುಗಿದು ಎಲೀಟ್ ವಿಭಾಗದಲ್ಲಿ ಇದು ಮೊದಲ ವರ್ಷ. ರಾಷ್ಟ್ರೀಯ ಕೂಟಕ್ಕೆ ಮುಂಚೆ ಐದು ದಿನ ಏರು ರಸ್ತೆ ತುಳಿಸಬೇಕೆಂದು ಕರೆತಂದದ್ದು.

ಟ್ರ್ಯಾಕಿನವಳಿಗೆ ಬೆಟ್ಟ ಯಾಕೆ ಎಂದು ಯಾರಾದರೂ ಕೇಳಬಹುದು. ಅವಳ ಸ್ಪರ್ಧೆ ಇಂಡಿವಿಜುವಲ್ ಪರ್ಸ್ಯೂಟ್. ಇಬ್ಬರು ಟ್ರ್ಯಾಕಿನ ಎದುರುಬದುರು ಬದಿಯಿಂದ ಹೊರಟು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ಆಟ. ಎಲೀಟ್ ಮಹಿಳೆಯರಿಗೆ 3 ಕಿ.ಮೀ. ಇದ್ದದ್ದನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2025ರಿಂದ 4 ಕಿ.ಮೀ.ಗೆ ಏರಿಸಿತು. 250 ಮೀಟರಿನ ಟ್ರ್ಯಾಕಿನಲ್ಲಿ 12 ಸುತ್ತು ಇದ್ದದ್ದು 16 ಆಯಿತು. ಗೇರ್ ಮಾತ್ರ ಒಂದೇ, ನಡುವೆ ಬದಲಿಸುವ ಹಾಗಿಲ್ಲ. ಮುಂದೆ 54 ಹಲ್ಲು, ಹಿಂದೆ 15 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಏಳೂವರೆ ಮೀಟರ್ ಓಡುತ್ತದೆ. ಗಂಟೆಗೆ 46 ಕಿ.ಮೀ. ಉಳಿಸಿಕೊಳ್ಳಲು ನಿಮಿಷಕ್ಕೆ ನೂರರ ಮೇಲೆ ಒಂದೆರಡು ಸುತ್ತು ಬೇಕು. ಹದಿಮೂರನೇ ಸುತ್ತಿನಲ್ಲಿ ಕಾಲು ಸೋತು ಆ ಎಣಿಕೆ 95ಕ್ಕೆ ಇಳಿಯಿತೆನ್ನಿ. ರಸ್ತೆ ಸೈಕಲ್ಲಾದರೆ ಗೇರ್ ಹಗುರ ಮಾಡಿಕೊಳ್ಳಬಹುದು. ಇಲ್ಲಿ ಅದೇ ಭಾರವನ್ನು ಸೋತ ಕಾಲಿನಲ್ಲೇ ಒತ್ತಬೇಕು. ಆ ಒತ್ತುವ ಕಸುವನ್ನು ಕೂಡಿಸಿಕೊಳ್ಳುವುದಕ್ಕೆ ಉದ್ದನೆಯ, ಒಂದೇ ಸಮನಾದ ಏರು ಬೇಕು. ವಿಜಯಪುರದ ಸುತ್ತಮುತ್ತ ಗಾಳಿ ಬೇಕಾದಷ್ಟಿದೆ, ಏರಿಲ್ಲ.

ಮಡಿಕೇರಿ ಎತ್ತರದಲ್ಲಿದೆ, ಅಲ್ಲಿ ತಿರುಗಿದರೆ ರಕ್ತ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಮಡಿಕೇರಿ ಇರುವುದು 1,150 ಮೀಟರ್ ಆಸುಪಾಸಿನಲ್ಲಿ. ರಕ್ತದಲ್ಲಿ ಬದಲಾವಣೆ ಕಾಣಬೇಕಾದರೆ 2,000 ಮೀಟರಿನ ಮೇಲೆ ವಾರಗಟ್ಟಲೆ ಇರಬೇಕು. ಕೊಡಗಿಗೆ ಬರುವುದು ರಸ್ತೆಗಾಗಿ.

ಕುಶಾಲನಗರ ದಾಟಿ ಸೈಕಲ್ ಇಳಿಸಿ ಚಕ್ರ ಜೋಡಿಸಿದರು. ಟ್ರ್ಯಾಕ್ ಸೈಕಲ್ ಗಾಡಿಯಲ್ಲೇ ಉಳಿಯಿತು. ಬ್ರೇಕೇ ಇಲ್ಲದ ಅದನ್ನು ಹೆದ್ದಾರಿಗೆ ಇಳಿಸುವುದು ಹುಚ್ಚುತನ. ರಸ್ತೆ ಸೈಕಲ್ಲಿಗೆ 28 ಮಿ.ಮೀ. ಟೈರ್, 58 ಕಿಲೋ ತೂಕದ ಸವಾರಳಿಗೆ ಮುಂದೆ 65, ಹಿಂದೆ 70 ಪಿಎಸ್‌ಐ ಗಾಳಿಯ ಒತ್ತಡ. ಮರದ ಟ್ರ್ಯಾಕಿನಲ್ಲಿ ಇದರ ಹತ್ತಿರಹತ್ತಿರ ಎರಡರಷ್ಟು ಗಾಳಿ ತುಂಬಿ ರೂಢಿಯಾದವಳು ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡಿ ಮುಖ ಸಿಂಡರಿಸಿದಳು. ಮಳೆಗಾಲ ಕಳೆದ ಕೊಡಗಿನ ರಸ್ತೆಯಲ್ಲಿ ಕಲ್ಲಿನಂಥ ಟೈರ್ ಹಿಡಿತ ಕೊಡುವುದಿಲ್ಲ, ಗುಂಡಿಗೆ ಬಿದ್ದಾಗ ಪುಟಿಯುತ್ತದೆ. ಒದ್ದೆ ರಸ್ತೆಗೆ ಇನ್ನೂ ಐದು ಕಡಿಮೆ ಮಾಡಿದರೂ ತಪ್ಪಿಲ್ಲ.

ಆನೆಕಾಡು ಬರುವ ತನಕ ರಸ್ತೆ ಸುಮ್ಮನೆ ಮಟ್ಟಸ. ಎರಡೂ ಕಡೆ ಮರ, ನಡುವೆ ಮಂಜು. ಹಿಂಬದಿಯ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಸುಂಟಿಕೊಪ್ಪದ ಆಚೆ ಏರು ಒಂದು ಹದಕ್ಕೆ ಬರುತ್ತದೆ. ವಾರದ ನಡುವಿನ ದಿನ, ಏಳು ಗಂಟೆಯ ಒಳಗೆ ಹೊರಟರೆ ಈ ರಸ್ತೆ ಸೈಕಲ್ಲಿನವರದು. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳದು. ಮೊದಲ ದಿನ ಒತ್ತಡದ ಕೆಲಸವಿಲ್ಲ, ಕುಳಿತೇ ತುಳಿಯುತ್ತ ಸುಮಾರು 30 ಕಿ.ಮೀ. ಬೋಯಿಕೇರಿ ಹತ್ತಿರ ಮಳೆ ಹಿಡಿಯಿತು. ನವೆಂಬರಿನ ಮಳೆಗೆ ಅಬ್ಬರವಿಲ್ಲ. ನಿಂತಿದೆಯೋ ಬರುತ್ತಿದೆಯೋ ತಿಳಿಯದ ಹಾಗೆ ಮೈ ತೋಯಿಸುತ್ತದೆ.

"ಇದನ್ನ ಮಳಿ ಅಂತಾರೇನ್ರಿ ಸರ?" ಎಂದಳು.

ಉಳಿಯುವ ಮನೆ ಮೇಕೇರಿಯ ಆಚೆ, ತೋಟದೊಳಗೆ. ಮನೆ ಮುಂದೆ ಸಿಮೆಂಟಿನ ಕಾಫಿ ಕಣ. ಅರೇಬಿಕಾ ಕೊಯ್ಲು ಇನ್ನೂ ಶುರುವಾಗದ್ದರಿಂದ ಕಣ ಗುಡಿಸಿ ತೊಳೆದು ಖಾಲಿ ಬಿದ್ದಿತ್ತು. ಗಾಡಿಯಿಂದ ಇಳಿಸಿದ ಟ್ರ್ಯಾಕ್ ಸೈಕಲ್ಲನ್ನು ಮನೆಯ ಯಜಮಾನರು ಎರಡು ಸುತ್ತು ಬಂದು ನೋಡಿದರು. ಎಪ್ಪತ್ತು ದಾಟಿದವರು, ಪ್ರಾಯದಲ್ಲಿ ಹಾಕಿ ಆಡಿದವರು.

"ಇದಕ್ಕೆ ಬ್ರೇಕ್ ಎಲ್ಲುಂಟು ಮಗಳೇ?"

"ಇಲ್ರಿ ಅಜ್ಜಾರ. ಕಾಲೇ ಬ್ರೇಕ್ ಇದಕ್ಕ."

ಹಿಂದಿನ ಹಲ್ಲುಚಕ್ರ ಹಬ್ಬಿಗೇ ಬಿಗಿದಿರುವುದರಿಂದ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ನಿಧಾನ ಮಾಡಲು ಪೆಡಲನ್ನು ಹಿಂದಕ್ಕೆ ಒತ್ತಬೇಕು, ಇಲ್ಲವೇ ಟ್ರ್ಯಾಕಿನ ಇಳಿಜಾರು ಗೋಡೆಯ ಮೇಲಕ್ಕೆ ಹತ್ತಿ ವೇಗ ಕಳೆಯಬೇಕು. ಅಜ್ಜ ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ ಪೆಡಲ್ ಸುತ್ತುವುದನ್ನು ನೋಡಿದರು. ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ಎರಡನೇ ದಿನ: ತಲಕಾವೇರಿ

ಬೆಟ್ಟಗೇರಿ, ಚೇರಂಬಾಣೆ ದಾರಿ. ಭಾಗಮಂಡಲದ ವರೆಗೆ ರಸ್ತೆ ಇಳಿದು, ಹತ್ತಿ, ತಿರುಗಿ, ಗದ್ದೆ ಬಯಲಿಗೆ ಬಂದು ಮತ್ತೆ ತೋಟದೊಳಗೆ ನುಗ್ಗುತ್ತದೆ. ಹೊಂಬಣ್ಣಕ್ಕೆ ತಿರುಗಿದ ಭತ್ತ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ತೋಟದ ಗೇಟುಗಳ ಎದುರು ಟ್ರ್ಯಾಕ್ಟರು ಹೊತ್ತು ತಂದ ಕೆಂಪು ಮಣ್ಣು ರಸ್ತೆಗೆ ಅಂಟಿರುತ್ತದೆ, ಒಣಗಿದಾಗ ಧೂಳು, ಒದ್ದೆಯಾದಾಗ ಬೆಣ್ಣೆ. ಅಲ್ಲಿ ಸೈಕಲ್ ವಾಲಿಸದೆ ನೆಟ್ಟಗೆ ದಾಟಬೇಕು.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವ ಕಡೆ ನೀರು ಇಳಿದು ಮೆಟ್ಟಿಲು ಕಾಣುತ್ತಿತ್ತು. ಅಕ್ಟೋಬರಿನ ತುಲಾ ಸಂಕ್ರಮಣದ ಜಾತ್ರೆಯ ಜನವೆಲ್ಲ ಕರಗಿ, ಚಹದಂಗಡಿಯಲ್ಲಿ ನಾಲ್ಕೇ ಜನ. ಇಲ್ಲಿಂದ ತಲಕಾವೇರಿಗೆ 8 ಕಿ.ಮೀ., ಸರಾಸರಿ ಶೇ. 5ರ ಏರು, ಮೇಲೆ 1,276 ಮೀಟರ್. ಐದು ದಿನದ ಮೊದಲ ನಿಜವಾದ ಕೆಲಸ ಇಲ್ಲೇ.

ಕೆಲಸ ಹೀಗೆ. ಮುಂದೆ 50, ಹಿಂದೆ 20. ಸೀಟು ಬಿಟ್ಟು ಏಳುವಂತಿಲ್ಲ. ನಿಮಿಷಕ್ಕೆ 55 ಸುತ್ತು, ಅಂದರೆ ಗಂಟೆಗೆ 17 ಕಿ.ಮೀ. ಚಿಲ್ಲರೆ, ಅವಳ ತೂಕಕ್ಕೆ ಸುಮಾರು 200 ವಾಟ್. ಆರು ನಿಮಿಷ ಹೀಗೆ ತುಳಿದು, ನಾಲ್ಕು ನಿಮಿಷ ಹಗುರ ಗೇರಿನಲ್ಲಿ 90ಕ್ಕೆ ಕಾಲು ಬಿಡಿಸಿಕೊಳ್ಳಬೇಕು. ಅಂಥವು ನಾಲ್ಕು, ಎರಡು ಹತ್ತುವಾಗ, ಮತ್ತೆ ಕೆಳಗಿಳಿದು ಎರಡು. ಓದಲು ಸುಲಭ. ಮೂರನೇ ನಿಮಿಷಕ್ಕೆ ಸೊಂಟ ಅಲ್ಲಾಡತೊಡಗುತ್ತದೆ, ಭುಜ ಕಿವಿಯ ಹತ್ತಿರ ಬರುತ್ತದೆ, ಹ್ಯಾಂಡಲನ್ನು ಎಳೆಯುವ ಚಟ ಶುರುವಾಗುತ್ತದೆ. ಅಲ್ಲಿಗೆ ಕೆಲಸ ತೊಡೆಯಿಂದ ತೋಳಿಗೆ ಹೋಯಿತೆಂದೇ ಲೆಕ್ಕ. ಬೆರಳನ್ನು ಹ್ಯಾಂಡಲ್ ಮೇಲೆ ಸಡಿಲವಾಗಿ, ಪಿಯಾನೊ ನುಡಿಸುವವರ ಹಾಗೆ ಆಡಿಸುತ್ತ ಹತ್ತಿಸುವುದು ಅದಕ್ಕೇ. ಮಂಡಿಚಿಪ್ಪಿನ ಕೆಳಗೆ ಚುಚ್ಚಿದರೆ ಆ ಕ್ಷಣವೇ ನಿಲ್ಲಿಸಬೇಕು. ಸೀಟು ಎರಡು ಮಿ.ಮೀ. ತಗ್ಗಿದ್ದರೂ ಈ ಕೆಲಸದಲ್ಲಿ ಮಂಡಿಗೆ ಹೊಡೆತ.

ಎರಡನೆಯದು ಮುಗಿಯುವಾಗ ಮಂಜಿನೊಳಗಿಂದ ಕೆ.ಎಸ್.ಆರ್.ಟಿ.ಸಿ. ಬಸ್ಸೊಂದು ಇಳಿಯಿತು. ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಹಾಕಿ, "ಮೇಲೆ ಎಂತದೂ ಕಾಣುದಿಲ್ಲ!" ಎಂದು ಕೂಗಿ ಹೋದ. ಹೌದು, ಕಾವೇರಿ ಹುಟ್ಟುವ ಕುಂಡಿಕೆಯ ಎದುರು ಕೈ ಮುಗಿದವಳಿಗೆ ಬ್ರಹ್ಮಗಿರಿಯ ಮೆಟ್ಟಿಲಿನ ಕೊನೆ ಕಾಣಲಿಲ್ಲ.

ಇಳಿಯುವಾಗಲೇ ಕೋಚಿಗೆ ಅನುಮಾನ ಬಂದದ್ದು. ಹತ್ತುವಾಗ ಗಡಿಯಾರದ ಮುಳ್ಳಿನ ಹಾಗಿದ್ದವಳು ಇಳಿಜಾರಿನಲ್ಲಿ ಗಟ್ಟಿಯಾಗಿ ಹೋದಳು. ಮೊಣಕೈ ಬಿಗಿ, ಎರಡೂ ಬ್ರೇಕ್ ಸದಾ ಅರ್ಧ ಹಿಡಿದೇ, ತಿರುವಿನ ನಡುವೆ ಇನ್ನಷ್ಟು ಹಿಡಿದು. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಮರದ ಟ್ರ್ಯಾಕಿನಲ್ಲಿ ನಲವತ್ತು ಡಿಗ್ರಿಗೂ ಮೀರಿ ವಾಲಿದ ತಿರುವಿಗೆ ಕಣ್ಣು ಮಿಟುಕಿಸದೆ ನುಗ್ಗುವವಳು! ಅಲ್ಲಿ ಟ್ರ್ಯಾಕೇ ವಾಲಿ ನಿಂತು ಸವಾರರನ್ನು ಹಿಡಿದುಕೊಳ್ಳುತ್ತದೆ, ಇಲ್ಲಿ ಸೈಕಲ್ ತಾನೇ ವಾಲಬೇಕು.

ಮೂರನೇ ದಿನ: ಮಳೆ, ಕಣ, ರೋಲರ್

ವಿಶ್ರಾಂತಿಯ ದಿನ. ಮಳೆಯೂ ಅದೇ ತೀರ್ಮಾನ ಮಾಡಿತ್ತು.

ಬೆಳಿಗ್ಗೆ ಡಬ್ಬಿ ತೆರೆದರೆ ಖಡಕ್ ರೊಟ್ಟಿ ಹಪ್ಪಳದ ಗತ್ತು ಬಿಟ್ಟು ತೊಗಲಿನ ಹಾಗೆ ಬಾಗುತ್ತಿತ್ತು. ಕೊಡಗಿನ ತೇವ ಎರಡೇ ರಾತ್ರಿಯಲ್ಲಿ ಒಳಗೆ ಹೊಕ್ಕಿತ್ತು. ಹುಡುಗಿಯ ಮುಖ ನೋಡಿ ಅಜ್ಜಿ ರೊಟ್ಟಿಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿದರು. ಸಂಜೆಗೆ ಅರ್ಧ ಗತ್ತು ವಾಪಸು ಬಂತು. ನಡುವಿನ ಹೊತ್ತಿಗೆ ಕಡಂಬಿಟ್ಟು, ಕುಂಬಳ ಕರಿ. ಹಂದಿ ಕರಿ ಗಂಡಸರ ಪಾಲಾಯಿತು, ಹುಡುಗಿ ಮಾಂಸ ತಿನ್ನುವುದಿಲ್ಲ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟ ಕಡಂಬಿಟ್ಟು ಸೈಕಲ್ ತುಳಿಯುವವರಿಗೆ ಹೇಳಿ ಮಾಡಿಸಿದ ತಿಂಡಿ: ಎಣ್ಣೆಯಿಲ್ಲ, ನಾರು ಕಡಿಮೆ, ಬೇಗ ಕರಗುತ್ತದೆ, ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳಬಹುದು. ದೀರ್ಘ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿಗೆ 25 ಗ್ರಾಂ ಸಿಕ್ಕೀತು. ಉಳಿದದ್ದಕ್ಕೆ ಅರ್ಧ ಲೀಟರ್ ನೀರಿಗೆ 35 ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಅರ್ಧ ನಿಂಬೆ. ಪೇಟೆಯ ಪುಡಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಬೆಲ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಸೋಸಿರಬೇಕು ಅಷ್ಟೆ, ಇಲ್ಲವಾದರೆ ಬಾಟಲಿಯ ಬಾಯಿಗೆ ಕಸ ಕಟ್ಟಿಕೊಳ್ಳುತ್ತದೆ.

ಮಧ್ಯಾಹ್ನ ಜಗಲಿಯಲ್ಲಿ ಮೆಕ್ಯಾನಿಕ್ ಬ್ರೇಕ್ ರಬ್ಬರ್ ಬಿಚ್ಚಿ ಅವಳ ಕೈಗೆ ಕೊಟ್ಟ. ಜೊತೆಗೊಂದು ಸೇಫ್ಟಿ ಪಿನ್ನು.

"ಬೆಳಕಿಗೆ ಹಿಡಿದು ನೋಡಮ್ಮ."

ಕಪ್ಪು ರಬ್ಬರಿನ ಮೈಯಲ್ಲಿ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆಗಳು. ಒದ್ದೆ ರಸ್ತೆಯಲ್ಲಿ ಏಳುವ ಮರಳು ರಬ್ಬರಿಗೆ ಕಚ್ಚಿಕೊಂಡು ಅಲ್ಯುಮಿನಿಯಂ ರಿಮ್ಮನ್ನು ಕೆರೆಯುತ್ತದೆ. ಕೆರೆದ ಲೋಹದ ಚೂರು ಮತ್ತೆ ರಬ್ಬರಿನಲ್ಲೇ ಹೂತು, ಮುಂದಿನ ಸಲ ತಾನೇ ಉಳಿಯಾಗುತ್ತದೆ. ಬ್ರೇಕ್ ಹಿಡಿದಾಗ ಜರ್ ಎಂಬ ಸದ್ದು ಬಂದರೆ ಇದೇ. ಅವಳು ನಾಲ್ಕು ರಬ್ಬರಿನಿಂದ ಹನ್ನೊಂದು ಚೂರು ಕಿತ್ತು ಅಂಗೈ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ರಬ್ಬರಿನ ಮೈಯನ್ನು ಮರಳು ಕಾಗದದಲ್ಲಿ ಉಜ್ಜಿ, ರಿಮ್ಮನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ತಂತಿಯ ಸಡಿಲವನ್ನು ತಿರುಪಿನಿಂದ ಅರ್ಧ ಸುತ್ತು ತೆಗೆದದ್ದಾಯಿತು. ಮಳೆಯಲ್ಲಿ ಇಳಿದ ಪ್ರತಿ ದಿನವೂ ಹತ್ತು ನಿಮಿಷದ ಈ ಕೆಲಸ ಮಾಡಬೇಕು. ಟ್ರ್ಯಾಕಿನಲ್ಲಿ ಬೆಳೆದವರಿಗೆ ಬ್ರೇಕ್ ಎಂಬುದೇ ಬೇರೆಯವರ ಸಾಮಾನು. ಅವಳ ಕೈಗೆ ಅದು ಪರಿಚಯವಾದದ್ದು ಆ ಜಗಲಿಯಲ್ಲಿ.

ಮಳೆ ಬಿಟ್ಟ ಮೇಲೆ ಕಣ ಒರೆಸಿ ರೋಲರ್ ಹಾಕಿದರು. ನಿಧಾನ ಒತ್ತುವ ಕೆಲಸವನ್ನೇ ಮಾಡುತ್ತ ಹೋದರೆ ಕಾಲಿನ ಚುರುಕು ಸಾಯುತ್ತದೆ. ಬೆಟ್ಟಕ್ಕೆ ಟ್ರ್ಯಾಕ್ ಸೈಕಲ್ ತರುವುದು ಅದಕ್ಕೆ. ನಿಮಿಷಕ್ಕೆ 90 ಸುತ್ತಿನಂತೆ ಹತ್ತು ನಿಮಿಷ, ಆಮೇಲೆ ಮೂವತ್ತು ಸೆಕೆಂಡು 130, ಎರಡು ನಿಮಿಷ ಬಿಡುವು, ಹೀಗೆ ಆರು ಸಲ. ಟೈರಿನಲ್ಲಿ ತೇವ ಉಳಿದಿದ್ದರೆ ಉರುಳೆಯ ಮೇಲೆ ಜಾರುವುದು ಖಂಡಿತ. ಅಜ್ಜ ಬೆಲ್ಲದ ಕಾಪಿ ಹಿಡಿದು ಕುರ್ಚಿ ಹಾಕಿಕೊಂಡು ಕೂತರು. ಇದ್ದಲ್ಲೇ ಗಿರಗಿರ ತಿರುಗುವ ಹುಡುಗಿಯನ್ನು ನೋಡಿ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಮನೆತನಗಳ ಹಾಕಿ ಹಬ್ಬ ಶುರು ಮಾಡಿದಾಗಿನ ಕತೆ ತೆಗೆದರು. "ನಮ್ಮಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಟೀಮು. ನಿಮ್ಮದರಲ್ಲಿ ಒಬ್ಬಳೇ ಅಲ್ವಾ? ಬೇಜಾರಾಗುದಿಲ್ವಾ?"

ಅವಳು 130ರಲ್ಲಿದ್ದಳು. ಉತ್ತರ ಬರಲಿಲ್ಲ.

ನಾಲ್ಕನೇ ದಿನ: ಸಂಪಾಜೆ ಘಾಟಿ

ಮಡಿಕೇರಿಯಿಂದ ಸಂಪಾಜೆಗೆ ಇಪ್ಪತ್ತೈದು ಕಿ.ಮೀ. ಚಿಲ್ಲರೆ, ಸುಮಾರು 900 ಮೀಟರಿನ ಇಳಿತ. ಎಲ್ಲೂ ಗೋಡೆಯಂತೆ ಎದ್ದು ನಿಲ್ಲದ, ಎಲ್ಲೂ ಪೂರ್ತಿ ಮಲಗದ ಶೇ. 3–4ರ ಏರು. ಪರ್ಸ್ಯೂಟ್ ಸವಾರರಿಗೆ ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ರಸ್ತೆಯಿಲ್ಲ. ಆದರೆ ಹತ್ತಬೇಕಾದರೆ ಮೊದಲು ಇಳಿಯಬೇಕು.

ಬೆಳಿಗ್ಗೆ ಆರೂವರೆ, ಹಿಂದೆ ಗಾಡಿ. ಮದೆನಾಡಿಗೆ ಬರುವಷ್ಟರಲ್ಲಿ ಕೋಚ್ ಹಾರ್ನ್ ಹಾಕಿಸಿ ನಿಲ್ಲಿಸಿದರು. ರಿಮ್ ಮುಟ್ಟಲು ಹೇಳಿದರು. ಮುಟ್ಟಿದ ಬೆರಳು ತಾನಾಗಿ ಹಿಂದಕ್ಕೆ ಬಂತು. ಸೈಕಲ್, ಸವಾರ ಸೇರಿ 68 ಕಿಲೋ 900 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 600 ಕಿಲೋಜೂಲ್. ಅರ್ಧವನ್ನು ಗಾಳಿ ನುಂಗಿದರೂ, ಉಳಿದ ಅರ್ಧ ಒಂದು ಲೀಟರ್ ತಣ್ಣೀರನ್ನು ಕುದಿಯುವ ಹತ್ತಿರಕ್ಕೆ ತರಲು ಸಾಕು. ಅದೆಲ್ಲ ಆ ಎರಡು ತೆಳು ರಿಮ್ಮಿಗೆ ಹೋಗಬೇಕು. ಸದಾ ಬ್ರೇಕ್ ಹಿಡಿದೇ ಇಳಿದರೆ ರಿಮ್ ತಣ್ಣಗಾಗಲು ಪುರುಸೊತ್ತೇ ಇರುವುದಿಲ್ಲ. ನೆಟ್ಟಗಿನ ರಸ್ತೆಯಲ್ಲಿ ಬಿಟ್ಟು, ತಿರುವಿಗೆ ಮುಂಚೆ ಎರಡೂ ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಪೂರ್ತಿ ಬಿಡಬೇಕು. ಘಾಟಿಗೆ ಕಾರ್ಬನ್ ರಿಮ್ ತರದೆ ಅಲ್ಯುಮಿನಿಯಂ ತರುವುದು, ಪ್ಯಾಚ್ ಹಚ್ಚಿದ ಟ್ಯೂಬನ್ನು ಬಯಲುಸೀಮೆಗೆ ಇಟ್ಟುಕೊಂಡು ಇಲ್ಲಿಗೆ ಹೊಸದು ಹಾಕುವುದು, ಎಲ್ಲ ಈ ಬಿಸಿಗೆ ಹೆದರಿಯೇ. ಬಿಸಿಗೆ ಪ್ಯಾಚಿನ ಅಂಟು ಬಿಡುತ್ತದೆ.

ಬ್ರೇಕಿನ ಪಾಠ ಬೇಗ ಹತ್ತಿತು. ವೇಗವೂ ಬಂತು. ಜೋಡುಪಾಲದ ಮೇಲಿನ ಒಂದು ಎಡ ತಿರುವಿನಲ್ಲಿ ಸೈಕಲ್ ಚೆನ್ನಾಗಿಯೇ ವಾಲಿತು, ಅಷ್ಟರಲ್ಲಿ ಕರ್ರ್ ಎಂಬ ಸದ್ದು. ಹಿಂದಿನ ಚಕ್ರ ನೆಲ ಬಿಟ್ಟು ಎದ್ದು ಅರ್ಧ ಅಡಿ ಬಲಕ್ಕೆ ಹೋಗಿ ಬಿತ್ತು. ಹೇಗೋ ಹಿಡಿದುಕೊಂಡಳು. ನಿಂತಾಗ ಎಡ ಪೆಡಲಿನ ಹೊರ ಅಂಚು ಹೊಸದಾಗಿ ಹೊಳೆಯುತ್ತಿತ್ತು.

ತಿರುವಿನಲ್ಲೂ ತುಳಿಯುತ್ತಿದ್ದಳು! ಟ್ರ್ಯಾಕಿನಲ್ಲಿ ಕಾಲು ನಿಲ್ಲಿಸುವ ಮಾತೇ ಇಲ್ಲ. ಅಲ್ಲಿನ ಸೈಕಲ್ಲಿಗೆ ಪೆಡಲ್ ಹಿಡಿದ ತೋಳು, ಅಂದರೆ ಕ್ರ್ಯಾಂಕ್, 165 ಮಿ.ಮೀ., ಅದರ ಅಚ್ಚೂ ನೆಲದಿಂದ ಹೆಚ್ಚು ಎತ್ತರ. ರಸ್ತೆ ಸೈಕಲ್ಲಿನಲ್ಲಿ 170ರ ಕ್ರ್ಯಾಂಕ್, ಅಚ್ಚು ತಗ್ಗು. ವಾಲಿದ ಬದಿಯ ಪೆಡಲ್ ಕೆಳಗೆ ಬಂದರೆ ನೆಲಕ್ಕೆ ಬಡಿಯಲೇಬೇಕು.

"ಒಳಗಾಲು ಮೇಲೆ, ಹೊರಗಾಲು ಕೆಳಗೆ, ಭಾರ ಹೊರಗಾಲಿನ ಮೇಲೆ. ಕಾಲು ನಿಲ್ಸು."

"ನಿಲ್ಲಂಗಿಲ್ರಿ ಸರ, ತಾವಾ ತಿರಗ್ತಾವು."

ಏಳು ವರ್ಷದ ರೂಢಿ ಒಂದು ಮಾತಿಗೆ ಬಿಡುವುದಿಲ್ಲ. ಉಪಾಯ ಡ್ರೈವರಿನದು: ತಿರುವಿಗೆ ಹೇಗೂ ಹಾರ್ನ್ ಹಾಕಬೇಕಲ್ಲ, ಹಾರ್ನ್ ಕೇಳಿದೊಡನೆ ಹೊರಗಾಲು ಕೆಳಗೆ. ಕೊಯನಾಡು ಬರುವ ತನಕ ಹಾರ್ನಿನ ಮೇಲೆ ಹಾರ್ನ್. ಎದುರು ಬಂದ ಲಾರಿಯವನೊಬ್ಬ ಬೈದ. ಆದರೆ ಕೊನೆಕೊನೆಗೆ ಹಾರ್ನಿಗಿಂತ ಮೊದಲೇ ಕಾಲು ನಿಲ್ಲುತ್ತಿತ್ತು.

ಸಂಪಾಜೆಯಲ್ಲಿ ಸೆಕೆ, ಬೇರೆಯೇ ದೇಶ. ಮಡಿಕೇರಿಯಲ್ಲಿ ಬಿಗಿದ ಜಾಕೆಟ್ ಕಳಚಿ ಗೋಳಿಬಜೆ ತಿನ್ನುವಾಗ ಹಿಂದಿನ ಟೈರ್ ಮೆಲ್ಲಗೆ ಕೂತಿತ್ತು. ಲಾರಿ ಟೈರಿನಿಂದ ಉದುರಿದ ಉಕ್ಕಿನ ಎಳೆ, ಕೂದಲಿನಷ್ಟು ಸಣ್ಣದು. ಹೆದ್ದಾರಿಯಲ್ಲಿ ಮೊಳೆಗಿಂತ ಇದೇ ಹೆಚ್ಚು. ಇಂಥದ್ದನ್ನು ಹುಡುಕದೆ ಹೊಸ ಟ್ಯೂಬ್ ಹಾಕಿದರೆ ಐದು ನಿಮಿಷದಲ್ಲಿ ಅದೂ ಹೋಗುತ್ತದೆ. ಬೆರಳಿನ ಬದಲು ಹತ್ತಿಯನ್ನು ಟೈರಿನ ಒಳಮೈಯಲ್ಲಿ ಎಳೆಯಬೇಕು, ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಉಗುರು ಕತ್ತರಿಯಿಂದ ಕಿತ್ತರು.

ಅಂಗಡಿಯವರು ಸೈಕಲ್ಲಿಗಿಂತ ರಸ್ತೆಯ ಬಗ್ಗೆ ಹೆಚ್ಚು ಮಾತಾಡಿದರು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ರಸ್ತೆಯೇ ಕಡಿದುಹೋದದ್ದು. "ಬೆಳಿಗ್ಗೆ ಎದ್ದು ಬಂದು ನೋಡಿದರೆ ಬಸ್ಸಿಲ್ಲ, ಲಾರಿ ಇಲ್ಲ. ಅಷ್ಟು ನಿಶ್ಶಬ್ದ ಈ ರಸ್ತೆಯಲ್ಲಿ ನಾನು ಕೇಳಿದ್ದೇ ಇಲ್ಲ." ಹತ್ತುವಾಗ ಆ ಜಾಗಗಳು ಗೊತ್ತಾಗುತ್ತವೆ. ತಡೆಗೋಡೆ ಹೊಸದು, ಮೇಲಿನ ಗಿಡ ಎಳೆಯದು, ಗೋಡೆಯ ತೂತಿನಿಂದ ಒಸರಿದ ನೀರು ರಸ್ತೆಯ ಅಂಚಿಗೆ ಹರಿದು ಪಾಚಿ. ಇಳಿಯುವವರು ಅಲ್ಲಿ ಬಿಳಿ ಗೆರೆ ತುಳಿಯದಿರುವುದು ಒಳ್ಳೆಯದು.

ವಾಪಸು ಏರು ಹನ್ನೆರಡು ನಿಮಿಷದ ಮೂರು ತುಂಡು, 60ರ ಸುತ್ತಿನಲ್ಲಿ. ಉಳಿದದ್ದು ಹಗುರ. ಒಂದೂವರೆ ಗಂಟೆ ಹಿಡಿಯಿತು. ಮೂರನೆಯ ತುಂಡಿನ ಕೊನೆಯಲ್ಲೂ ಸೊಂಟ ಅಲ್ಲಾಡಲಿಲ್ಲ. ಕೋಚ್ ಗಾಡಿಯ ಕಿಟಕಿಯಿಂದ ಅದನ್ನೇ ನೋಡುತ್ತಿದ್ದದ್ದು, ವಾಟಿನ ಅಂಕಿಯನ್ನಲ್ಲ.

ಐದನೇ ದಿನ: ವಿರಾಜಪೇಟೆ, ಸಿದ್ದಾಪುರ, ಚೆಟ್ಟಳ್ಳಿ

ಎಂಬತ್ತು ಕಿ.ಮೀ. ಮೀರಿದ ಸುತ್ತು, ಹೆಚ್ಚು ಹೇಳುವಂಥದ್ದಿಲ್ಲ. ಮೂರ್ನಾಡು, ಬೇತ್ರಿ ಸೇತುವೆ, ಕೆಳಗೆ ಕೆಂಬಣ್ಣದ ಕಾವೇರಿ. ವಿರಾಜಪೇಟೆಯಲ್ಲಿ ಅಕ್ಕಿ ಶಾವಿಗೆಯ ನೂಪುಟ್ಟು, ಮತ್ತೊಂದು ಸಲ ನೂಪುಟ್ಟು. ಸಣ್ಣ ಸಣ್ಣ ದಿಬ್ಬಗಳ ರಸ್ತೆ. ಪ್ರತಿ ದಿಬ್ಬದ ಬುಡದಲ್ಲಿ ದೊಡ್ಡ ಗೇರಿನಲ್ಲಿ ಹತ್ತು ತುಳಿತ ಪೂರ್ತಿ ಬಲ, ಆಮೇಲೆ ಸುಮ್ಮನೆ.

ಸಿದ್ದಾಪುರದ ಈಚೆ ತೋಟದ ಕೆಲಸದವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಒಂಟಿ ಸಲಗ ಬೆಳಿಗ್ಗೆ ರಸ್ತೆ ದಾಟಿ ತೋಟಕ್ಕೆ ಇಳಿದಿದೆ, ಮರಳಿಲ್ಲ. ಸೈಕಲ್ಲಿಗೆ ಸದ್ದಿಲ್ಲ, ಆನೆಗೆ ಗೊತ್ತಾಗದೆ ಹತ್ತಿರ ಹೋಗಿಬಿಡುತ್ತದೆ. ಅಪಾಯ ಇರುವುದು ಅದರಲ್ಲೇ. ಈ ಭಾಗದಲ್ಲಿ ಏಳೂವರೆಗೆ ಮುಂಚೆ, ಸಂಜೆ ಐದರ ನಂತರ ತುಳಿಯಬಾರದು, ಹಸಿ ಲದ್ದಿ ಕಂಡರೆ ಊರವರನ್ನು ಕೇಳದೆ ಮುಂದೆ ಹೋಗಬಾರದು. ಕೆಲಸದವರ ಲೈನ್‌ಮನೆಯ ಜಗಲಿಯಲ್ಲಿ ಮುಕ್ಕಾಲು ಗಂಟೆ ಕಾದರು. ಒಬ್ಬಾಕೆ ಹುಡುಗಿಯ ತೊಡೆ ನೋಡಿ, "ಅಪ್ಪಾ! ಮರ ಹತ್ತುದಾ ನೀನು?" ಎಂದು ಕೇಳಿದಳು. ಅರಣ್ಯ ಇಲಾಖೆಯ ಜೀಪು ಬಂದು ಹೋದ ಮೇಲೆ ದಾರಿ ಬಿಟ್ಟರು. ಆನೆ ಕಾಣಲಿಲ್ಲ, ಮುರಿದ ಬೈನೆ ಮರ ಕಂಡಿತು.

ಚೆಟ್ಟಳ್ಳಿಯಿಂದ ಮಡಿಕೇರಿಯ ದಾರಿಯಲ್ಲಿ ಒಂದೆರಡು ಇಳಿಜಾರು. ಹಾರ್ನಿಲ್ಲದೆ, ಒಳಗಾಲು ಮೇಲೆ, ಹೊರಗಾಲು ಕೆಳಗೆ, ಮೊಣಕೈ ಸಡಿಲ. ಗಾಡಿ ಹಿಂದೆ ಬಿತ್ತು.

ಸಂಜೆ ಕಣದಲ್ಲಿ ಕೊನೆಯ ರೋಲರ್. ಬೆಳಗಿನಿಂದ, ಕಾಲು ನಿಲ್ಲಿಸಿದರೂ ಚಕ್ರ ಓಡುವ ಫ್ರೀವೀಲಿನ ಮೇಲೆ ಕಾಲು ಬಿಟ್ಟು ಬಂದಿದ್ದವಳು ಟ್ರ್ಯಾಕ್ ಸೈಕಲ್ ಏರಿ, 130ಕ್ಕೆ ಒಯ್ದು, ಸೆಕೆಂಡು ಮುಗಿಯುತ್ತಲೇ ಉಸಿರು ಬಿಟ್ಟು ಕಾಲು ನಿಲ್ಲಿಸಿದಳು. ಪೆಡಲ್ ನಿಲ್ಲಲಿಲ್ಲ. ಎತ್ತಿ ಒಗೆದ ಹಾಗೆ ಸೈಕಲ್ ಉರುಳೆಯಿಂದ ಹಾರಿ, ಹುಡುಗಿ ಕಣದ ಮೇಲೆ ಕುಂಡಿ ಊರಿ ಕೂತಳು. ಗಾಯವಾಗಿರಲಿಲ್ಲ, ಬಿದ್ದಲ್ಲೇ ನಗುತ್ತಿದ್ದಳು.

ಅಜ್ಜ ಕಾಪಿ ಲೋಟ ಕೆಳಗಿಟ್ಟರು. "ಬ್ರೇಕ್ ಎಲ್ಲುಂಟು ಅಂತ ನಾನು ಮೊದಲ ದಿನವೇ ಕೇಳಿದ್ದು."